ರಾಜನ ಪ್ರತಿಮೆಗೆ ಅರ್ಧ ಗಂಟೆ, ಕೂಲಿಯವರ ಕೇರಿಗೆ ಐದು ನಿಮಿಷ

ಅಕ್ಕ, ಭಾವ, ಅವರ ಮಗಳ ಜೊತೆ ಕಾರ್ಲ್ಸ್‌ಕ್ರೂನಾ ಸುತ್ತಿ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಸ್ವೀಡನ್ನಿನ ದಕ್ಷಿಣದಲ್ಲಿ, ದ್ವೀಪಗಳ ಮೇಲೆ ಹರಡಿಕೊಂಡ ಬಂದರು ನಗರ ಇದು. 1680ರಲ್ಲಿ ದೊರೆ ಹನ್ನೊಂದನೆಯ ಕಾರ್ಲ್ ನೌಕಾಪಡೆಗೆಂದೇ ಕಟ್ಟಿಸಿದ್ದು. 1998ರಿಂದ ವಿಶ್ವ ಪರಂಪರೆಯ ತಾಣ. ದೊಡ್ಡ ಚೌಕದಲ್ಲಿ ಅವನ ಪ್ರತಿಮೆಯ ಮುಂದೆ ಫೋಟೊ ತೆಗೆಯಲು ಅರ್ಧ ಗಂಟೆ ಹೋಯಿತು. ನೌಕಾ ವಸ್ತುಸಂಗ್ರಹಾಲಯದ ಜಲಾಂತರ್ಗಾಮಿಗೆ ಒಂದೂವರೆ ಗಂಟೆ. ಬ್ಯೋರ್ಕ್‌ಹೋಲ್ಮೆನ್‌ಗೆ? ಐದು ನಿಮಿಷ!

ಬ್ಯೋರ್ಕ್‌ಹೋಲ್ಮೆನ್ ಎಂದರೆ ಹಡಗುಕಟ್ಟೆಯ ಕೆಲಸಗಾರರು ವಾಸವಿದ್ದ ಕೇರಿ. ಪುಟ್ಟ ಮರದ ಮನೆಗಳು. ಒಂದರ ಸೂರು ನನ್ನ ಕೈಗೇ ಎಟುಕಿತು. ಹಡಗು ಕಟ್ಟಿದವರ ಕೇರಿಯಲ್ಲೂ ಬೀದಿಗಳಿಗೆ ಇಟ್ಟಿರುವುದು ಅಡ್ಮಿರಲ್‌ಗಳ ಹೆಸರು, ಹಡಗುಗಳ ಹೆಸರು. ಕೆಲಸಗಾರನೆಂದು ಈ ಊರಿನಲ್ಲಿ ಹೆಸರಾದವನು ರೂಸೆನ್‌ಬೂಮ್ ಒಬ್ಬನೇ. ಅಡ್ಮಿರಾಲ್ಟಿ ಚರ್ಚಿನ ಎದುರು ಅವನ ಮರದ ಬೊಂಬೆ ನಿಂತಿದೆ. ಟೋಪಿ ಎತ್ತಿದರೆ ಕಾಸು ಹಾಕಲು ಸೀಳು. ಕಾಯಿಲೆ ಬಿದ್ದು ಕೆಲಸ ಕಳೆದುಕೊಂಡು ಮನೆ ಮನೆ ಬೇಡಿದವನೆಂದು ಐತಿಹ್ಯ. ದುಡಿದವನಿಗೂ ಪ್ರತಿಮೆ ಸಿಕ್ಕಿತು, ಆದರೆ ಭಿಕ್ಷುಕನಾಗಿ.

"ಐದು ನಿಮಿಷ ನಿಲ್ಲಿ ಭಾವ" ಎಂದೆ. "ರಾಜ ಅಪ್ಪಣೆ ಕೊಡದಿದ್ದರೆ ಊರೇ ಇರುತ್ತಿರಲಿಲ್ಲ, ಕೂಲಿಯವರ ಮನೆಯಲ್ಲಿ ನೋಡುವುದೇನಿದೆ?" ಎಂದರು. ಅಪ್ಪಣೆ ಇತ್ತು, ಒಪ್ಪಿದೆ. ಅಪ್ಪಣೆಯಿಂದ ಓಕ್ ಮರದ ದಿಮ್ಮಿ ಹಲಗೆಯಾಗುತ್ತದೆಯೇ? ಇಲ್ಲಿನ ಹಗ್ಗದ ಕಾರ್ಖಾನೆ ಸುಮಾರು 300 ಮೀಟರ್ ಉದ್ದ. ಹಡಗಿನ ಹಗ್ಗವನ್ನು ಎಳೆ ಚಾಚಿಯೇ ಹೊಸೆಯಬೇಕು, ಹೊಸೆದಂತೆ ಅದು ಗಿಡ್ಡವಾಗುತ್ತದೆ. ಅದಕ್ಕೇ ಅಷ್ಟು ಉದ್ದದ ಕಟ್ಟಡ. ಆ ಉದ್ದವನ್ನು ದಿನವಿಡೀ ನಡೆದವರು ಯಾರು?

ಭಾವನ ಮಾತಿಗಿಂತ ಅಕ್ಕ ಸುಮ್ಮನಿದ್ದದ್ದು ನನ್ನನ್ನು ಹೆಚ್ಚು ನೋಯಿಸಿತು. ನಮ್ಮ ಅಪ್ಪನನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಮಂಗಳೂರಿನ ಹಳೆಯ ಬಂದರಿನಲ್ಲಿ ಮಂಜಿ ಎಂಬ ಸರಕಿನ ಹಡಗುಗಳಿಗೆ ಹೆಂಚು ಹೊತ್ತು ನಮ್ಮಿಬ್ಬರನ್ನೂ ಓದಿಸಿದವರು. ಹುರಿಹಗ್ಗ ಎಳೆದೆಳೆದು ಅವರ ಅಂಗೈ ಪೂರ್ತಿ ಮಡಚುತ್ತಿರಲಿಲ್ಲ. ಅನ್ನ ಕಲಸುವಾಗ ಬೆರಳುಗಳು ಸೆಟೆದೇ ಇರುತ್ತಿದ್ದವು. ಕಾಲೇಜಿನಲ್ಲಿ ಗೆಳೆಯರು ಕೇಳಿದಾಗ "ಬಂದರಿನ ಕಚೇರಿಯಲ್ಲಿದ್ದಾರೆ" ಎಂದಿದ್ದೆ. ಇವತ್ತಿನವರೆಗೆ ಇದನ್ನು ಯಾರಿಗೂ ಹೇಳಿರಲಿಲ್ಲ. ಅಕ್ಕನ ಮೌನ ನನ್ನ ಆ ಸುಳ್ಳನ್ನು ನೆನಪಿಸಿತೋ ಏನೋ, ಅಷ್ಟು ಸಿಟ್ಟು ಬಂತು.

ಹೊರಡುವ ಮುನ್ನ ಅಕ್ಕನ ಮಗಳ ಕೈ ಹಿಡಿದು ಮತ್ತೆ ಚರ್ಚಿನ ಹತ್ತಿರ ಹೋದೆ. ಅವಳು ತುದಿಗಾಲಲ್ಲಿ ನಿಂತು ಟೋಪಿ ಎತ್ತಿ, ನಾಣ್ಯ ಹಾಕಿ, "ಮಾವ, ಬಂದರಿನಲ್ಲಿ ಅಜ್ಜನೂ ಟೋಪಿ ಹಾಕಿಕೊಳ್ಳುತ್ತಿದ್ದರಾ?" ಎಂದಳು.

ಇಲ್ಲ ಮಗಳೇ, ತಲೆಗೆ ಬೈರಾಸು ಸುತ್ತುತ್ತಿದ್ದರು ಎಂದೆ. ಅಕ್ಕ ಹಿಂದೆಯೇ ಬಂದು ನಿಂತಿದ್ದಳು. "ಕೆಂಪು ಅಂಚಿನದ್ದು" ಎಂದಳು.