ತಲೆ ಸುತ್ತಿತಾ? ಅಭಿನಂದನೆ!

ತಲೆ ಸುತ್ತುತ್ತಿದೆಯಾ? ಒಳ್ಳೆಯದು, ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತಿದೆ. ಇದು ನನ್ನ ಮಾತಲ್ಲ. ಅಣ್ಣನ ಮಗಳ ಡಯಟ್ ಕೋಚ್ ವಾಟ್ಸಾಪಿನಲ್ಲಿ ಕಳಿಸಿದ ಆಶೀರ್ವಾದ.

ಹುಡುಗಿಗೆ 24. ಮುಂಬೈ ಹೊರವಲಯದ ಡೊಂಬಿವ್ಲಿಯಲ್ಲಿ ಮನೆ, ದಕ್ಷಿಣ ಮುಂಬೈಯ ಫೋರ್ಟಿನಲ್ಲಿ ಕೆಲಸ. ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಸೂಪು. ದಿನಕ್ಕೆ 700 ಕ್ಯಾಲರಿಯೂ ದಾಟದು. ಸುಮ್ನೆ ಮಲಗಿದ್ದರೂ ದೇಹ ಅದಕ್ಕಿಂತ ಜಾಸ್ತಿ ಕೇಳುತ್ತದೆ. ಇವಳು ಅಷ್ಟರಲ್ಲೇ ಎಂಟು ಗಂಟೆಯ ಫಾಸ್ಟ್ ಲೋಕಲ್ ರೈಲು ಹತ್ತಬೇಕು. ಸಾಲದ್ದಕ್ಕೆ ಉಪ್ಪನ್ನೂ ಬಿಡಿಸಿದ್ದಾರೆ. ಕೂತವಳು ಎದ್ದರೆ ಸಾಕು, ಬಿಪಿ ಇಳಿದು ಕಣ್ಣು ಕತ್ತಲೆ.

ಸೆಂಟ್ರಲ್ ಲೈನಿನ ಉಪಕಾರ ಮರೆಯಬಾರದು. ಅಲ್ಲಿನ ಲೇಡೀಸ್ ಡಬ್ಬಿಯಲ್ಲಿ ಬವಳಿ ಬಂದರೂ ಬೀಳಲು ಜಾಗವಿಲ್ಲ. ಘಾಟ್ಕೋಪರಿನಲ್ಲಿ ಎಚ್ಚರ ತಪ್ಪಿದವಳು ದಾದರ್ ತನಕ ನಿಂತೇ ಇದ್ದಳಂತೆ! ಅಲ್ಲಿ ಜನ ಇಳಿದರು, ಇವಳೂ ಇಳಿದಳು, ನೆಲಕ್ಕೆ. ಕಣ್ಣು ಬಿಟ್ಟಾಗ ಯಾರೋ ಮಾವಶಿ, ಅಂದರೆ ಮರಾಠಿ ಚಿಕ್ಕಮ್ಮ, ಊಟದ ಡಬ್ಬಿ ತೆರೆದು, ಚಪಾತಿಯೊಳಗೆ ಬಟಾಟೆ ಭಾಜಿ ಸುತ್ತುತ್ತಿದ್ದಳು. ‘ಆಧೀ ಖಾ’ ಅಂದಳಂತೆ. ಮೊದಲು ತಿನ್ನು. ಫೀಸು ಕೇಳಲಿಲ್ಲ. ಕೋಚ್ ತಿಂಗಳಿಗೆ ನಾಲ್ಕು ಸಾವಿರ ತೆಗೆದುಕೊಳ್ಳುತ್ತಾರೆ, ತಿನ್ನಬೇಡ ಅನ್ನುವುದಕ್ಕೆ.

ಮುಂಬೈಗೆ ಇಡ್ಲಿ ರುಚಿ ಹತ್ತಿಸಿದವರು ನಾವು ಕನ್ನಡಿಗರು ಅಂತ ಮಾಟುಂಗಾದಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ಮೀಸೆ ಮೂಡದ ಹುಡುಗರು ಊರು ಬಿಟ್ಟು ಬಂದರು. ಹಗಲು ಹೋಟೆಲಲ್ಲಿ ತಟ್ಟೆ ತೊಳೆದರು, ರಾತ್ರಿಶಾಲೆಯಲ್ಲಿ ಕನ್ನಡ ಓದಿದರು. ಅವರಲ್ಲೊಬ್ಬ ಹಸಿದು ತಲೆ ತಿರುಗಿ ಬಿದ್ದರೆ ಭಟ್ಟರು ಏನು ಮಾಡುತ್ತಿದ್ದರು? ಅನ್ನ ಹಾಕುತ್ತಿದ್ದರು. ಪಾಪ, ವಿಷ ಹೊರಹಾಕುವ ಈ ಡಿಟಾಕ್ಸ್ ಅಂದರೇನು ಅಂತ ಗೊತ್ತಿರಲಿಲ್ಲ.

ರಕ್ತ ಪರೀಕ್ಷೆ ಆಯಿತು. ಹೆಂಗಸರಿಗೆ ಕನಿಷ್ಠ 12 ಇರಬೇಕಾದ ಹಿಮೋಗ್ಲೋಬಿನ್ ಇವಳಿಗೆ 8.9. ಇವಳೊಬ್ಬಳ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇಂಥ ದೇಶದಲ್ಲಿ ಹುಡುಗಿಯರಿಗೆ ಉಪವಾಸ ಮಾರುತ್ತೀರಲ್ಲ, ನಾಚಿಕೆ ಆಗಲ್ವಾ? ಹೇಳಿ ಹೇಳಿ ಸಾಕಾಗಿದೆ.

ಕೋಚಿಗೆ ಮಾತ್ರ ಯಾಕೆ ಬೈಯಲಿ? ಹೋದ ವರ್ಷ ಮದುವೆ ಊಟದ ಪಂಕ್ತಿಯಲ್ಲಿ, ‘ಹುಡುಗಿ ಸ್ವಲ್ಪ ದಪ್ಪ ಆದಳಲ್ವಾ?’ ಅಂದವಳು ನನ್ನ ಹೆಂಡತಿ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೌದೆಂದು ತಲೆಯಾಡಿಸಿದವನು ನಾನು. ಹುಡುಗಿ ಎದುರಿನ ಸಾಲಿನಲ್ಲೇ ಕೂತಿದ್ದಳು.