ಮೈಕ್ರೋ ಜೆರಾಕ್ಸಿನಲ್ಲಿ ಅರಿಸ್ಟಾಟಲ್

ಇಂಗ್ಲಿಷ್ ಎಂ.ಎ. ಮುಗಿಸಿ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್‌ಗೆ ಕೂರುವವರ ಕೈಯಲ್ಲಿ ಈಗ ಒಂದು ಎ-4 ಹಾಳೆ ಇರುತ್ತದೆ. ಎರಡೂ ಬದಿ, ಮೈಕ್ರೋ ಜೆರಾಕ್ಸ್. ಅನಾಫೊರಾದಿಂದ ಜ್ಯೂಗ್ಮಾವರೆಗೆ ಅಲಂಕಾರಗಳೆಲ್ಲ ಅದರಲ್ಲಿ ಹಾಜರು. ಎಡಕ್ಕೆ ಹೆಸರು, ಬಲಕ್ಕೆ ಅರ್ಧ ಸಾಲಿನ ವ್ಯಾಖ್ಯೆ. ಉದಾಹರಣೆಗೆ ಜಾಗ ಸಾಲಲಿಲ್ಲ. ಸಾಲದಿದ್ದರೂ ನಷ್ಟವೇನಿಲ್ಲ ಮಾರಾಯ್ರೆ, ಕೇಳುವವರು ಯಾರು?

ಭಾಷಣಕಲೆಗೆ ಐದು ಅಂಗ ಎಂದು ರೋಮಿನ ಸಿಸೆರೊ ಎಣಿಸಿದ್ದ: ಹೇಳಬೇಕಾದ್ದನ್ನು ಹುಡುಕುವುದು, ಜೋಡಿಸುವುದು, ಮಾತಿನ ಶೈಲಿ, ನೆನಪು, ಮಂಡನೆ. ನಮ್ಮ ಪರೀಕ್ಷೆ ಬಹಳ ಮಿತವ್ಯಯಿ. ನಾಲ್ಕನ್ನು ಕಿತ್ತುಹಾಕಿ ನೆನಪೊಂದನ್ನು ಇಟ್ಟುಕೊಂಡಿದೆ. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 180 ನಿಮಿಷ. ಅಂದರೆ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಅಷ್ಟರಲ್ಲಿ ಕಾವ್ಯ ಸವಿಯಲು ಹೊರಟವನು ಫೇಲು.

ಆದ್ದರಿಂದ ಕ್ರಮ ಹೀಗೆ. 'ಹೊಂದಿಸಿ ಬರೆಯಿರಿ' ಬಂದರೆ ನಾಲ್ಕು ಜೋಡಿಯನ್ನೂ ಬಿಡಿಸಲು ಹೋಗಬೇಡಿ. ಖಚಿತವಾಗಿ ಗೊತ್ತಿರುವ ಒಂದನ್ನು ಹಿಡಿಯಿರಿ, ಆ ಜೋಡಿ ಇಲ್ಲದ ಆಯ್ಕೆಗಳನ್ನು ಹೊಡೆದುಹಾಕಿ. ಸಾಮಾನ್ಯವಾಗಿ ಎರಡು ಉಳಿಯುತ್ತವೆ. ಇನ್ನೊಂದು ಜೋಡಿ ಗೊತ್ತಿದ್ದರೆ ಕೆಲಸ ಮುಗಿಯಿತು, ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿ ಒತ್ತಿ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಹೀಗೆ ಕಯಾಸ್ಮಸ್ ಎಂಬ ಅಲಂಕಾರ ಏನೆಂದು ತಿಳಿಯದೆಯೇ ಕಯಾಸ್ಮಸ್‌ಗೆ ಎರಡು ಅಂಕ ಪಡೆದವರು ನಾಳೆ ಅದನ್ನು ಪಾಠ ಮಾಡಲು ಅರ್ಹರು.

ಎಲ್ಲರೂ ಎಡವುವುದು ಮೆಟೊನಿಮಿ, ಸಿನೆಕ್‌ಡಕಿಗಳ ನಡುವೆ. ಹಾಳೆಯಲ್ಲಿ ಒಂದಕ್ಕೆ 'ಸಂಬಂಧ', ಇನ್ನೊಂದಕ್ಕೆ 'ಅಂಶ' ಎಂದಿದೆ. ಮೊದಲನೆಯದು ಸಂಬಂಧಪಟ್ಟ ಬೇರೊಂದರ ಹೆಸರಿನಿಂದ, ಎರಡನೆಯದು ಅದರದೇ ಒಂದು ಭಾಗದ ಹೆಸರಿನಿಂದ ವಸ್ತುವನ್ನು ಕರೆಯುವುದು. ಹಿಂದಿನ ದಿನ ಬಾಯಿಪಾಠ, ಮರುದಿನ ಅದಲು ಬದಲು. ಇದೇ ಪರೀಕ್ಷಾರ್ಥಿಯ ಮನೆಯಲ್ಲಿ ಜಂಬ್ರ ಇದೆ ಎನ್ನಿ. ಅಡುಗೆಭಟ್ಟರು ಬಂದು ಕೇಳುವ ಮೊದಲ ಮಾತು, "ಎಷ್ಟು ಎಲೆ?" ಇನ್ನೂರು ಎಲೆ ಎಂದರೆ ಇನ್ನೂರು ಮಂದಿ. ಎಲೆ ಮನುಷ್ಯನ ಅಂಗವಲ್ಲ, ಉಣ್ಣುವಾಗ ಅವನ ಮುಂದೆ ಇರುವುದು. ಹಾಗಾಗಿ ಮೆಟೊನಿಮಿ. ಅದೇ ಭಟ್ಟರು "ಎಷ್ಟು ತಲೆ?" ಎಂದರೆ ಸಿನೆಕ್‌ಡಕಿ, ತಲೆ ಮನುಷ್ಯನದೇ ಭಾಗ. "ಬಡಿಸಲಿಕ್ಕೆ ಇನ್ನು ನಾಲ್ಕು ಕೈ ಬೇಕು" ಎಂದರೂ ಸಿನೆಕ್‌ಡಕಿಯೇ. ಹಾಗೆಯೇ ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗಿದಾಗ ಪಾಸ್‌ಬುಕ್ ಹಿಡಿದು ಹತ್ತುವವರಿಲ್ಲ. ಬಗಲಲ್ಲಿರುವ ಬ್ಯಾಂಕು ಬಸ್‌ಸ್ಟ್ಯಾಂಡಿಗೆ ಹೆಸರಾಗಿದೆ. ನಮ್ಮ ಪರೀಕ್ಷಾರ್ಥಿ ಅದೇ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತ ಮೆಟೊನಿಮಿಯ ವ್ಯಾಖ್ಯೆ ಗಟ್ಟಿ ಮಾಡುತ್ತಿರುತ್ತಾನೆ.

ಊಟ ಹೇಗಿತ್ತು ಎಂದರೆ ಕುಂದಾಪ್ರದವರು ಹೊಟ್ಟೆ ಬಿರಿಯ ಉಂಡ ಮೇಲೂ "ಅಡ್ಡಿಲ್ಲ" ಎನ್ನುತ್ತಾರೆ. ನಿಷೇಧದ ದಾರಿಯಲ್ಲಿ ಹೊಗಳಿಕೆ. ಲೈಟೊಟೀಸ್ ಎಂಬ ಈ ಅಲಂಕಾರಕ್ಕೆ ಇದಕ್ಕಿಂತ ಶುದ್ಧ ಮಾದರಿ ಗ್ರೀಸಿನಲ್ಲೂ ಸಿಗಲಿಕ್ಕಿಲ್ಲ. ಆದರೆ "ಅಡ್ಡಿಲ್ಲ" ಹಾಳೆಯಲ್ಲಿಲ್ಲ, ಆದ್ದರಿಂದ ಸಿಲಬಸ್‌ನಲ್ಲೂ ಇಲ್ಲ.

ಡಿಗ್ರಿ ಕಾಲೇಜಿನ ಪ್ರಬಂಧದ ಕತೆ ಬೇರೆ. ಅಲ್ಲಿ ಥೀಸಿಸ್ ಸ್ಟೇಟ್‌ಮೆಂಟ್ ಎಂಬುದೊಂದು ಬೇಕು, ಮೊದಲ ಪ್ಯಾರಾದ ಕೊನೆಯ ವಾಕ್ಯದಲ್ಲಿ. ಜಾಗ ಎಲ್ಲರಿಗೂ ಗೊತ್ತು, ವಸ್ತು ಗೊತ್ತಿಲ್ಲ. "ಮಂಗಳೂರಿನಲ್ಲಿ ಮಳೆಗಾಲದಲ್ಲಿ ಕೃತಕ ನೆರೆ ಬರುತ್ತದೆ" ಎಂಬುದು ಸುದ್ದಿ. "ಕೃತಕ ನೆರೆಗೆ ಮಳೆ ಕಾರಣವಲ್ಲ, ರಾಜಕಾಲುವೆ ಒತ್ತಿಕೊಂಡವರು ಕಾರಣ" ಎಂದರೆ ಥೀಸಿಸ್. ಅಲ್ಲ ಎನ್ನಲು ಕನಿಷ್ಠ ಒಬ್ಬ ಬಿಲ್ಡರ್ ಎದ್ದು ನಿಲ್ಲುತ್ತಾನೆ. ಎದ್ದು ನಿಲ್ಲುವವರೇ ಇಲ್ಲದ ವಾಕ್ಯ ಥೀಸಿಸ್ ಅಲ್ಲ. ಆದರೆ ನೋಟ್ಸಿನ ಪ್ರಕಾರ ಪ್ರಬಂಧ ಶುರುವಾಗಬೇಕಾದ್ದು "ಇನ್ ಟುಡೇಸ್ ಮಾಡರ್ನ್ ವರ್ಲ್ಡ್" ಎಂದು. ಮುಗಿಯಬೇಕಾದ್ದು ನಾಣ್ಯಕ್ಕೆ ಎರಡು ಮುಖ ಇರುವಲ್ಲಿ. ನಡುವೆ ಪ್ಯಾರಾ ಮೂರೇ. ಅರಿಸ್ಟಾಟಲ್‌ಗೆ ಇದು ತಿಳಿದಿರಲಿಲ್ಲ, ಪಾಪ. ಮಾತಿಗೆ ಬೇಕಾದ ಭಾಗ ಎರಡೇ, ಹೇಳುವುದು ಮತ್ತು ಸಾಧಿಸಿ ತೋರಿಸುವುದು ಎಂದು ಬರೆದುಬಿಟ್ಟಿದ್ದಾನೆ. ಇವತ್ತಾಗಿದ್ದರೆ ಇಂಟರ್ನಲ್ಸ್‌ನಲ್ಲೇ ಹೋಗುತ್ತಿದ್ದ.

ಇನ್ನು ಮನವೊಲಿಸುವ ಮೂರು ದಾರಿ: ಈಥೋಸ್ (ಮಾತಾಡುವವನ ಮೇಲಿನ ನಂಬಿಕೆ), ಪೇಥೋಸ್ (ಕೇಳುವವರ ಭಾವನೆ), ಲೋಗೋಸ್ (ತರ್ಕ). "ಭಾಷಣಕಾರರು ಪೇಥೋಸ್ ಬಳಸಿದ್ದಾರೆ" ಎಂದು ಬರೆದು ಉತ್ತರಕ್ಕೆ ಚುಕ್ಕಿ ಇಡುತ್ತಾರೆ. ಯಾವ ಮಾತಿನಲ್ಲಿ, ಯಾರ ಮನಸ್ಸು ತಿರುಗಿಸಲು, ತಿರುಗಿಸಿ ಏನು ಮಾಡಿಸಲು? ಈ ಮೂರೂ ಇಲ್ಲದಿದ್ದರೆ ಅದು ವಿಶ್ಲೇಷಣೆಯಲ್ಲ, ಹಾಜರಿ ಕರೆಯುವುದು.

ಇದೇ ಊರಿನ ಸಭಾಭವನಗಳಲ್ಲಿ ಮಳೆಗಾಲ ಪೂರ್ತಿ ತಾಳಮದ್ದಳೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿಮೋಕ್ಷದಲ್ಲಿ ಎದೆಗೆ ನೆಟ್ಟ ಬಾಣ ಹಿಡಿದುಕೊಂಡು ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ವೈರ? ಮರೆಯಲ್ಲಿ ನಿಂತು ಹೊಡೆದದ್ದು ರಘುಕುಲಕ್ಕೆ ಒಪ್ಪುತ್ತದೆಯೆ? ಮೊದಲನೆಯದು ಲೋಗೋಸ್, ಎರಡನೆಯದು ನೇರ ರಾಮನ ಈಥೋಸ್‌ಗೇ ಏಟು. ಮಗ ಅಂಗದನ ಹೆಸರೆತ್ತಿದನೆಂದರೆ ಪೇಥೋಸ್. ರಾಮ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಧರ್ಮಿ ನೀನು ಎನ್ನುತ್ತಾನೆ. ಜೊತೆಗೆ, ನೀನು ಮೃಗ, ಬೇಟೆಗೆ ಮರೆ ತಪ್ಪಲ್ಲ ಎಂದೂ ಸೇರಿಸುತ್ತಾನೆ. ವಾಲಿಯ ಮಾತಾಡುವ ಪಳಗಿದ ಅರ್ಥಧಾರಿ ಅಲ್ಲೇ ಹಿಡಿಯುತ್ತಾನೆ: ಮೃಗವಾದರೆ ನನಗೆ ಮನುಷ್ಯರ ಧರ್ಮ ಯಾಕೆ, ಧರ್ಮ ಇದ್ದರೆ ನಾನು ಮೃಗ ಹೇಗೆ? ಹಿಂದಿನ ಸಾಲಿನ ಅಜ್ಜಂದಿರು ತಲೆದೂಗುತ್ತಾರೆ. ಅವರಲ್ಲಿ ಒಬ್ಬರೂ ನೆಟ್ ಪಾಸಾದವರಲ್ಲ. ಪಾಸಾಗಬೇಕಾದವರು ಹೊರಗೆ ಬೈಕಿನ ಮೇಲೆ ಕೂತು ಹಾಳೆ ಮಗುಚುತ್ತಿದ್ದಾರೆ.

ಪಿಯುಸಿ ಫಲಿತಾಂಶದಲ್ಲಿ 2024ಕ್ಕೆ ದಕ್ಷಿಣ ಕನ್ನಡ ಮೊದಲು, 2025ಕ್ಕೆ ಉಡುಪಿ. ಹಾಗಾಗಿ ಫ್ಲೆಕ್ಸುಗಳಿಗೆ ಬರವಿಲ್ಲ. ಸಾಲು ಸಾಲು ಟಾಪರ್‌ಗಳ ಫೋಟೊ, ಕೆಳಗೆ "ಇಂದೇ ಸೇರಿರಿ". 'ಸೇರಿದರೆ ನಿಮಗೂ ಇಷ್ಟೇ ಬರುತ್ತದೆ' ಎಂಬ ಮಾತು ಎಲ್ಲೂ ಅಚ್ಚಾಗಿಲ್ಲ. ಅದನ್ನು ಅಪ್ಪ ಅಮ್ಮ ತಾವೇ ತುಂಬಿಕೊಂಡು ಫೀಸು ಕಟ್ಟುತ್ತಾರೆ. ಹೀಗೆ ಒಂದು ಮೆಟ್ಟಿಲನ್ನು ಕೇಳುವವನಿಂದಲೇ ಕಟ್ಟಿಸುವ ವಾದಕ್ಕೆ ಎನ್ತಿಮೀಮ್ ಎಂದು ಹೆಸರು. ಒಟ್ಟು ಎಷ್ಟು ಮಂದಿ ಪರೀಕ್ಷೆ ಬರೆದಿದ್ದರು ಎಂದು ಫ್ಲೆಕ್ಸ್ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಎನ್ತಿಮೀಮ್ ಹಾಳೆಯ ಹಿಂಬದಿಯಲ್ಲಿದೆ, ಜೆರಾಕ್ಸಿನ ಮಸಿ ಹತ್ತಿ ಓದಲಾಗುವುದಿಲ್ಲ.

ನಿಜವಾದ ವಾದಕ್ಕೆ ನೆಟ್ ನಡೆಸುವ ಸಂಸ್ಥೆ ಒಂದು ಅವಕಾಶ ಕೊಟ್ಟಿದೆ, ಕೊಟ್ಟಿಲ್ಲ ಎನ್ನಬಾರದು. ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ ಬರುತ್ತದೆ. ಸಿನೆಕ್‌ಡಕಿಯನ್ನು ಮೆಟೊನಿಮಿ ಎಂದು ಕೊಟ್ಟಿದ್ದರೆ ಲಾಗಿನ್ ಆಗಿ, ಪ್ರಶ್ನೆ ಸಂಖ್ಯೆ ಆರಿಸಿ, ಸರಿ ಯಾವುದೆಂದು ಹೇಳಿ, ಪುರಾವೆಯ ಪುಟವನ್ನು ಪಿಡಿಎಫ್ ಮಾಡಿ ಏರಿಸಬಹುದು. ಹೇಳುವುದು, ಸಾಧಿಸಿ ತೋರಿಸುವುದು. ಪ್ರಶ್ನೆಯೊಂದಕ್ಕೆ 200 ರೂಪಾಯಿ, ವಾಪಸ್ ಇಲ್ಲ.