ಕೋಟೆ ಬಿದ್ದ ಮೇಲಿನ ಲೆಕ್ಕ

ನವೆಂಬರ್ ಬಂತೆಂದರೆ ನಮ್ಮ ಮಂಡ್ಯ, ಮೈಸೂರು ಕಡೆಯವರ ಫೇಸ್‌ಬುಕ್‌ನಲ್ಲಿ ನಾಲ್ಕನೇ ಮೈಸೂರು ಯುದ್ಧ ಮತ್ತೆ ಶುರುವಾಗುತ್ತದೆ. ಟಿಪ್ಪು ವೀರನೋ, ಮತಾಂಧನೋ? ಒಬ್ಬರು ರಾಕೆಟ್ ತೋರಿಸುತ್ತಾರೆ, ಇನ್ನೊಬ್ಬರು ಕೊಡಗನ್ನು ತೋರಿಸುತ್ತಾರೆ. ಎರಡು ಪಾಳಯದಲ್ಲೂ ನನಗೆ ನೆಂಟರಿದ್ದಾರೆ, ಹಾಗಾಗಿ ಯಾರ ಪೋಸ್ಟಿಗೂ ಲೈಕ್ ಒತ್ತುವ ಧೈರ್ಯವಿಲ್ಲ. ನನ್ನ ತಕರಾರು ಬೇರೆಯೇ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ, ಅಲ್ಲಿಗೆ ನಮ್ಮ ಇತಿಹಾಸಪ್ರೇಮವೂ ಮುಗಿಯುತ್ತದೆ. ಅದೇ ವರ್ಷ ಜುಲೈ 8ರಂದು ಸಹಿಯಾದ ಕಾಗದದ ಬಗ್ಗೆ ಜಗಳವಾಡುವವರನ್ನು ನಾನು ಕಂಡಿಲ್ಲ. ಇಂದಿಗೂ ನಮ್ಮ ಗದ್ದೆಯ ಬದುವಿನ ಮೇಲೆ ಕುಳಿತಿರುವುದು ಆ ಕಾಗದ ಮತ್ತು ಅದರ ಮರಿಗಳು.

ಆ ಯುದ್ಧದ ಕಾರಣವೂ ಪೂರ್ತಿ ಈ ನೆಲದ್ದಲ್ಲ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದಿದ್ದ. ಅದಕ್ಕೂ ಮೊದಲೇ ಟಿಪ್ಪುವಿನ ದೂತರು ಫ್ರೆಂಚರ ಕೈಯಲ್ಲಿದ್ದ ಮಾರಿಷಸ್‌ಗೆ ಹೋಗಿ ಸೈನ್ಯ ಕೇಳಿದರು. ಗುಟ್ಟಾಗಿ ನಡೆಯಬೇಕಿದ್ದ ವ್ಯವಹಾರಕ್ಕೆ ಅಲ್ಲಿನ ಗವರ್ನರ್ ಮಾಲಾರ್ಟಿಕ್ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ. ಕೊನೆಗೆ ಬಂದವರು ನೂರು ಜನರ ಆಸುಪಾಸು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಿದ್ದದ್ದು ಒಂದು ನೆವ, ಅದು ಸಿಕ್ಕಿತು. ನಮ್ಮ ಪಾಂಡವಪುರವನ್ನು ಬಹಳ ಕಾಲ ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಯೂರೋಪಿನ ಎರಡು ದೇಶಗಳ ಹಗೆತನಕ್ಕೆ ಅಖಾಡವಾದದ್ದು ಕಾವೇರಿಯ ನಡುವಿನ ಒಂದು ದ್ವೀಪ.

ಈಗ ಜುಲೈ 8ಕ್ಕೆ ಬರೋಣ. ಪಟ್ಟಕ್ಕೆ ಕೂರಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ಅವರ ಹೆಸರಿನಲ್ಲಿ ಆದ ಒಪ್ಪಂದದ ಪ್ರಕಾರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸಾಕಲು ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ (ಕಪ್ಪ) ಕಟ್ಟಬೇಕು. ಮಳೆ ಬರಲಿ, ಬರ ಬರಲಿ, ಕಟ್ಟಬೇಕು. ಜೊತೆಗೊಂದು ಷರತ್ತು: ಹಣ ಬರುವುದು ಅನುಮಾನವೆನಿಸಿದರೆ ಆಡಳಿತವನ್ನು ಕಂಪನಿಯೇ ತೆಗೆದುಕೊಳ್ಳಬಹುದು. ದಿವಾನ್ ಪೂರ್ಣಯ್ಯ ಗಟ್ಟಿ ಕುಳ, ಲೆಕ್ಕ ತಪ್ಪಲು ಬಿಡಲಿಲ್ಲ. 1804ರಲ್ಲಿ ಅವರು ಶ್ರೀರಂಗಪಟ್ಟಣದ ಬಳಿ ಹೊಳೆಗೆ ಕಟ್ಟಿಸಿದ ಸೇತುವೆ ಇದೆಯಲ್ಲ, ಉದ್ದಕ್ಕೂ ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಅದಕ್ಕೆ ಇಟ್ಟ ಹೆಸರು ವೆಲ್ಲೆಸ್ಲಿಯದು. ಸೋತ ರಾಜ್ಯ ಹೇಗೆ ಬದುಕಬೇಕೆಂದು ಪೂರ್ಣಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ನಂತರ ಆ ಹದ ಉಳಿಯಲಿಲ್ಲ. ಇಷ್ಟು ಹಣ ವಸೂಲಿ ಮಾಡಿಯೇ ತೀರುತ್ತೇನೆಂದು ತಾಲ್ಲೂಕಿನ ಅಮಲ್ದಾರರಿಂದ ಬರೆಸಿಕೊಳ್ಳುವ ಶರ್ತಿ ಪದ್ಧತಿ ಬಂತು, ರೈತನ ಬೆನ್ನು ಮುರಿಯಿತು. 1830ರಲ್ಲಿ ಮಲೆನಾಡಿನ ನಗರ ಪ್ರಾಂತದ ರೈತರು ದಂಗೆಯೆದ್ದರು. ಅರಸರ ದುಂದುಗಾರಿಕೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬೊಕ್ಕಸದ ಮೇಲಿನ ಅಷ್ಟು ದೊಡ್ಡ ಪೊಗದಿಯನ್ನು ಬಿಟ್ಟು ಬರೀ ಅರಸರನ್ನು ಬೈಯುವ ಪಾಠ ಅರ್ಧ ಪಾಠ. 1831ರಲ್ಲಿ ಬೆಂಟಿಂಕ್ ಆಡಳಿತ ಕಿತ್ತುಕೊಂಡ, ಕಚೇರಿಗಳು ಬೆಂಗಳೂರಿಗೆ ಹೋದವು, ಐವತ್ತು ವರ್ಷ ಕಮಿಷನರುಗಳು ಆಳಿದರು. ಬೆಂಗಳೂರು ಬೆಳೆದು ಮೈಸೂರು ನಿಧಾನಿಸಿದ್ದರ ಬೇರು ಅಲ್ಲಿದೆ. 1881ರಲ್ಲಿ ರಾಜ್ಯ ವಾಪಸ್ಸು ಬಂತು, ಜೊತೆಗೆ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರೂ ಬಂತು. ಏರಿಸಿದ ಹತ್ತೂವರೆ ಲಕ್ಷವನ್ನು ಕೊನೆಗೆ ಮನ್ನಾ ಮಾಡಿದ್ದು 1927ರಲ್ಲಿ ವೈಸ್‌ರಾಯ್ ಇರ್ವಿನ್. ನಮ್ಮ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರೂ ಇರ್ವಿನ್ ನಾಲೆ.

1799ರಲ್ಲೇ ಕಂಪನಿಯ ಪಾಲಾದ ಮಂಗಳೂರು ಮದ್ರಾಸಿನಿಂದ ಬಿಡಿಸಿಕೊಳ್ಳಲು 1956ರವರೆಗೆ ಕಾಯಬೇಕಾಯಿತು, ಬಳ್ಳಾರಿ 1953ರವರೆಗೆ. ಅದು ಆ ಕಡೆಯವರು ಬರೆಯಬೇಕಾದ ಕಥೆ.

ನನಗೆ ನೀರಿನ ಕಥೆ ಮುಖ್ಯ. ನಮ್ಮದು ನಾಲೆಯ ಕೊನೆ ಭಾಗದ ಗದ್ದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಟ್ಟಾಗ ಮೇಲಿನವರ ತೂಬುಗಳನ್ನೆಲ್ಲ ದಾಟಿ ನಮ್ಮ ತನಕ ಬರುವುದು ಪಾದ ಮುಳುಗುವಷ್ಟು. ರಾತ್ರಿ ಬ್ಯಾಟರಿ ಹಿಡಿದು ಅಪ್ಪ ನೀರು ಹಂಚುವ ನೀರಗಂಟಿಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವರ ಬೈಗುಳವೆಲ್ಲ ನೀರಗಂಟಿಗೆ, ಎಂಜಿನಿಯರಿಗೆ, ತಮಿಳುನಾಡಿಗೆ ಸಲ್ಲುತ್ತಿತ್ತು. 1892ಕ್ಕೆ ಯಾರೂ ಬೈಯುತ್ತಿರಲಿಲ್ಲ.

1892ರ ಒಪ್ಪಂದದ ಪ್ರಕಾರ ಪಟ್ಟಿಯಲ್ಲಿದ್ದ ನದಿಗಳಿಗೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ. ಮದ್ರಾಸ್ ಬ್ರಿಟಿಷರ ಸ್ವಂತ ಪ್ರಾಂತ, ಮೈಸೂರು ಅವರು ಹಿಂದಿರುಗಿಸಿದ ರಾಜ್ಯ; ಎದುರಾಳಿಯ ಅಣ್ಣನೇ ಪಂಚಾಯಿತಿಯ ಯಜಮಾನನಾದಂತೆ. 1910ರಲ್ಲಿ ಕನ್ನಂಬಾಡಿ ಕಟ್ಟೆಗೆ, ಅಂದರೆ ಇಂದಿನ ಕೆಆರ್‌ಎಸ್‌ಗೆ, 41.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಕೇಳಿದರೆ ಸಿಕ್ಕ ಅನುಮತಿ 11 ಟಿಎಂಸಿ. ಆದರೂ ವಿಶ್ವೇಶ್ವರಯ್ಯನವರ ಕಾಲದಲ್ಲಿ ಪಾಯವನ್ನು ದೊಡ್ಡ ಕಟ್ಟೆಗೇ ಹಾಕಿದರು. ಆ ಹಟವನ್ನು ನಾನು ಶ್ರೀರಂಗಪಟ್ಟಣದ ಯಾವ ಯುದ್ಧಕ್ಕಿಂತಲೂ ಕಡಿಮೆಯೆಂದು ಎಣಿಸುವುದಿಲ್ಲ. 1914ರಲ್ಲಿ ಮಧ್ಯಸ್ಥ ಗ್ರಿಫಿನ್ ಅವರ ತೀರ್ಪು ಬಂತು, ಭಾರತ ಸರ್ಕಾರ ಒಪ್ಪಿತು, ಮದ್ರಾಸ್ ಲಂಡನ್ ತನಕ ಹೋಗಿ ಅದನ್ನು ಕೆದಕಿಸಿತು. ಕೊನೆಗೆ 1924ರ ಫೆಬ್ರುವರಿ 18ರ ಒಪ್ಪಂದ: ಕನ್ನಂಬಾಡಿಗೆ ಸುಮಾರು 44.8 ಟಿಎಂಸಿ, ಮದ್ರಾಸಿನ ಮೆಟ್ಟೂರು ಕಟ್ಟೆಗೆ 93.5.

ತಂಜಾವೂರಿನ ರೈತ ನಮಗಿಂತ ನೂರಾರು ವರ್ಷ ಮೊದಲೇ ಇದೇ ನೀರಿನಲ್ಲಿ ಭತ್ತ ಬೆಳೆದವನು, ಅವನ ಹಕ್ಕು ಸುಳ್ಳಲ್ಲ. ಹೊರಗಿನವರೆಲ್ಲ ಲೂಟಿಗೆ ಬಂದವರು ಎಂದೂ ನಾನು ಹೇಳುತ್ತಿಲ್ಲ. ಮೈಸೂರು ಕೃಷಿ ಇಲಾಖೆಯ ಮೊದಲ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೆನಡಾದವರು. ಮಂಡ್ಯದ ಸಕ್ಕರೆ ಕಾರ್ಖಾನೆ ಏಳಲು ದುಡಿದವರಲ್ಲಿ ಅವರು ಪ್ರಮುಖರು. ಕಬ್ಬಿನ ದುಡ್ಡಿನಲ್ಲಿ ಓದಿದ ನನ್ನಂಥವರು ಅವರ ಋಣದಲ್ಲಿದ್ದೇವೆ.

1892, 1924ರ ಈ ಒಪ್ಪಂದಗಳು ಸಮಾನರ ನಡುವೆ ಆದವಲ್ಲ ಎಂದು ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. 2018ರ ಫೆಬ್ರುವರಿ 16ರ ತೀರ್ಪು ಅದನ್ನು ಒಪ್ಪಲಿಲ್ಲ. 1924ರ ಒಪ್ಪಂದ ಐವತ್ತು ವರ್ಷಕ್ಕೆ, ಅಂದರೆ 1974ಕ್ಕೆ, ಮುಗಿಯಿತೆಂದಿತು, ಕಾವೇರಿ ನ್ಯಾಯಮಂಡಳಿ ಕೊಟ್ಟದ್ದಕ್ಕಿಂತ ನಮಗೆ 14.75 ಟಿಎಂಸಿ ಹೆಚ್ಚು ಕೊಟ್ಟಿತು. ಆದರೆ ಸಂವಿಧಾನ ಬಂದ ಮೇಲೆ ಚೌಕಾಸಿ ಮಾಡುವ ಶಕ್ತಿ ಇದ್ದಾಗಲೂ ನೀವು ಅದನ್ನು ಪ್ರಶ್ನಿಸಲಿಲ್ಲವಲ್ಲ ಎಂದೂ ಹೇಳಿತು. ನನಗೆ ಚುಚ್ಚಿದ್ದು ಆ ಮಾತು. ಅಷ್ಟೂ ವರ್ಷ ನಮ್ಮ ತಲೆಯ ಮೇಲೆ ಬ್ರಿಟಿಷ್ ರೆಸಿಡೆಂಟ್ ಇರಲಿಲ್ಲ, ವೈಸ್‌ರಾಯ್ ಇರಲಿಲ್ಲ. ಕೆಂಗಲ್ ಹನುಮಂತಯ್ಯನವರಿಂದ ದೇವರಾಜ ಅರಸರವರೆಗೆ ನಾವೇ ಆರಿಸಿದ ಸರ್ಕಾರಗಳಿದ್ದವು. ಅದಕ್ಕೆ ಉತ್ತರ ಕೊಡಬೇಕಾದವರು ವೆಲ್ಲೆಸ್ಲಿಯೂ ಅಲ್ಲ, ಟಿಪ್ಪುವೂ ಅಲ್ಲ.